ಮುಳ್ಳಿನ ಗಿಡಕ್ಕೆ ಪಟ್ಟಾಭಿಷೇಕ

ಹೀಬ್ರೂ ಜನರ ಧರ್ಮಗ್ರಂಥದಲ್ಲಿ ನ್ಯಾಯಸ್ಥಾಪಕರ ಚರಿತ್ರೆಯೆಂಬ ಭಾಗವೊಂದುಂಟು. ಅದರ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ಪುಟ್ಟ ಕಥೆಯೊಂದರಲ್ಲಿ, ಮರಗಳೆಲ್ಲ ಒಮ್ಮೆ ಕೂಡಿಕೊಂಡು, ತಮಗೊಬ್ಬ ಅರಸನನ್ನು ಅಭಿಷೇಕಿಸಿಕೊಳ್ಳಬೇಕೆಂದು ನಿಶ್ಚಯಿಸಿ, ಮೊದಲು ಎಣ್ಣೇಮರದ ಬಳಿಗೆ ಹೋಗುತ್ತವೆ. ದೇವರಿಗೂ ಮನುಷ್ಯರಿಗೂ ಸಲ್ಲುವ ಎಣ್ಣೆಯನ್ನು ಕೊಡುವ ತನ್ನ ಕೆಲಸವನ್ನು ಬಿಟ್ಟು ಉಳಿದ ಮರಗಳ ಮೇಲೆ ತೂಗಾಡುತ್ತ ನಿಲ್ಲಲು ತನಗೆ ಇಷ್ಟವಿಲ್ಲವೆಂದು ಅದು ನಿರಾಕರಿಸುತ್ತದೆ. ಅಂಜೂರಕ್ಕೆ ತನ್ನ ಹಣ್ಣಿನ ಸವಿಯನ್ನು ಬಿಡಲು ಮನಸ್ಸಿಲ್ಲ; ದ್ರಾಕ್ಷೆಗೆ ತನ್ನ ರಸವನ್ನು ಬಿಡಲು ಮನಸ್ಸಿಲ್ಲ. ಕಟ್ಟಕಡೆಗೆ ಅವು ಮುಳ್ಳಿನ ಗಿಡವನ್ನು ಕೇಳುತ್ತವೆ. ಮುಳ್ಳಿನ ಗಿಡ ಕೂಡಲೆ ಒಪ್ಪಿಕೊಂಡು, ನಿಜವಾಗಿಯೂ ತನ್ನನ್ನು ಅರಸನನ್ನಾಗಿ ಮಾಡಿಕೊಳ್ಳುವುದಾದರೆ ತನ್ನ ನೆರಳಿಗೆ ಬರಬೇಕೆಂದೂ, ಇಲ್ಲವಾದರೆ ತನ್ನಿಂದ ಬೆಂಕಿ ಹೊರಟು ಲೆಬನೋನಿನ ದೇವದಾರು ವೃಕ್ಷಗಳನ್ನು ಸುಟ್ಟುಬಿಡುವುದೆಂದೂ ಹೇಳುತ್ತದೆ. ನೆರಳೆಂಬುದೇ ಇಲ್ಲದ ಗಿಡವು ನೆರಳನ್ನು ಕೊಡುವೆನೆಂದು ಕರೆಯುವುದೂ, ಆ ಕರೆಯ ಉಸಿರಿನಲ್ಲಿಯೇ ಬೆಂಕಿಯ ಬೆದರಿಕೆಯನ್ನು ಸೇರಿಸುವುದೂ, ನಿರಂಕುಶ ಪ್ರಭುಗಳ ಮೊದಲ ಭಾಷಣವನ್ನು ಕೇಳಿಬಲ್ಲ ಯಾರಿಗೂ ಹೊಸದಾಗಿ ತೋರಲಾರದು.

ಕಥೆಯನ್ನು ಹೇಳಿದವನು ಯೋತಾಮ. ಹೇಳಿದ ಸ್ಥಳ ಶೆಕೆಮ್ ಪಟ್ಟಣದ ಮಗ್ಗುಲಲ್ಲಿರುವ ಗೆರಿಜ್ಜೀಮ್ ಬೆಟ್ಟದ ನೆತ್ತಿ. ಅವನ ತಂದೆ ಗಿದ್ಯೋನನಿಗೆ ಹೆಂಡಿರಲ್ಲಿ 70 ಮಂದಿ ಮಕ್ಕಳಿದ್ದರು. ಶೆಕೆಮಿನ ಉಪಪತ್ನಿಯಲ್ಲಿ ಅಬೀಮೆಲೆಕನೆಂಬ ಇನ್ನೊಬ್ಬ ಮಗನಿದ್ದನು. ಈ ಅಬೀಮೆಲೆಕನು ತಾಯಿಯ ಊರಿಗೆ ಹೋಗಿ, ಅನೇಕರ ಆಳಿಕೆಗಿಂತ ಒಬ್ಬನ ಆಳಿಕೆ ಲೇಸಲ್ಲವೆ, ಆ ಒಬ್ಬನು ನಿಮ್ಮ ರಕ್ತಸಂಬಂಧಿಯಾಗಿರುವುದು ಇನ್ನೂ ಲೇಸಲ್ಲವೆ ಎಂದು ಬಂಧುಗಳಿಂದ ಹೇಳಿಸಿದನು. ಜನರ ಮನಸ್ಸು ಅವನ ಕಡೆಗೆ ಒಲಿಯಿತು. ಬಾಳ್‌ಬೆರೀತ್ ದೇವತೆಯ ಗುಡಿಯ ಭಂಡಾರದಿಂದ 70 ಬೆಳ್ಳಿಯನ್ನು ತೆಗೆದುಕೊಟ್ಟರು. ಆ ಬೆಳ್ಳಿಯಿಂದ ಅವನು ಪುಂಡರನ್ನು ಕೂಲಿಗೆ ಹಿಡಿದು, ತಂದೆಯ ಊರಿಗೆ ಹೋಗಿ, ಒಂದೇ ಕಲ್ಲಿನ ಮೇಲೆ ತನ್ನ ಸೋದರರನ್ನು ಕೊಂದನು. ಬಚ್ಚಿಟ್ಟುಕೊಂಡು ಉಳಿದ ಕಿರಿಯವನೇ ಯೋತಾಮ. ಮೂರು ವರ್ಷ ಕಳೆದಮೇಲೆ ಪಟ್ಟ ಕಟ್ಟಿದವರೂ ಪಟ್ಟ ಕಟ್ಟಿಸಿಕೊಂಡವನೂ ಒಬ್ಬರಿಗೊಬ್ಬರು ವೈರಿಗಳಾದರು. ಗುಡಿಯ ಕೋಟೆಯಲ್ಲಿ ಅಡಗಿದ್ದ ಸುಮಾರು ಸಾವಿರ ಮಂದಿ ಗಂಡಸರನ್ನೂ ಹೆಂಗಸರನ್ನೂ ಅಬೀಮೆಲೆಕನು, ಕಾಡಿನಿಂದ ಕೊಂಬೆಗಳನ್ನು ಕಡಿದು ತಂದು ಒಟ್ಟಿ, ಬೆಂಕಿಯಿಟ್ಟು ಸುಟ್ಟನು. ಬೆಳ್ಳಿ ಹೊರಟುಬಂದ ಗುಡಿಗೆ ಬೆಂಕಿ ಹಿಂದಿರುಗಿತು.

ನಿರಂಕುಶ ಪ್ರಭುವಿನ ಉದಯವನ್ನು ಕುರಿತ ಅನ್ಯೋಕ್ತಿಗಳಲ್ಲಿ ಇದಕ್ಕಿಂತ ಹಳೆಯದನ್ನು ನಾನು ಓದಿಲ್ಲ. ಇದರಲ್ಲಿ ನನ್ನ ಮನಸ್ಸನ್ನು ಕಾಡುವುದು ಮುಳ್ಳಿನ ಗಿಡವಲ್ಲ, ಎಣ್ಣೇಮರ. ಮುಳ್ಳು ಮುಳ್ಳಿನಂತೆ ನಡೆದುಕೊಂಡಿತು. ಅದರಲ್ಲಿ ವಿಚಾರಿಸತಕ್ಕದ್ದೇನೂ ಇಲ್ಲ. ಆದರೆ ಸತ್ಫಲವನ್ನು ಕೊಡುತ್ತಿದ್ದ ಮೂರು ಮರಗಳು ಅಧಿಕಾರವನ್ನು ಒಲ್ಲೆನೆಂದು ಹೇಳಿದುದು ವೈರಾಗ್ಯವೋ, ಕರ್ತವ್ಯಲೋಪವೋ? ಅವು ಮಾಡಿದುದು ಧರ್ಮವಾದರೆ ದೇವದಾರುಗಳ ದಹನಕ್ಕೆ ಹೊಣೆ ಯಾರು? ಈ ಪ್ರಶ್ನೆಯನ್ನು ನಾನು ರಾಜನೀತಿಯ ಪ್ರಶ್ನೆಯೆಂದು ಭಾವಿಸುವುದಿಲ್ಲ. ಪಾಪಪುಣ್ಯಗಳ ವಿವೇಚನೆಗೆ ಸೇರಿದ ಪ್ರಶ್ನೆಯೆಂದೇ ಭಾವಿಸುತ್ತೇನೆ.

ಇಂಥ ವಿಷಯವನ್ನು ಹೇಳುವುದಕ್ಕೆ ಲೇಖಕರು ಮತ್ತೆಮತ್ತೆ ಅನ್ಯೋಕ್ತಿಯನ್ನೇ ಏಕೆ ಆರಿಸಿಕೊಂಡರೆಂಬುದಕ್ಕೆ ರಾಜಭಯವೇ ಕಾರಣವೆಂದು ಹೇಳುವುದು ವಾಡಿಕೆ. ಭಯವೂ ಒಂದು ಕಾರಣವಿದ್ದೀತು. ಆದರೆ ಜಾರ್ಜ್ ಆರ್ವೆಲ್ 'ಅನಿಮಲ್ ಫಾರ್ಮ್' ಬರೆದುದು ಇಂಗ್ಲೆಂಡಿನಲ್ಲಿ. ಆ ಕಥೆ ಗುರಿಯಿಟ್ಟಿದ್ದ ರಷ್ಯವು ಆಗ ಯುದ್ಧದಲ್ಲಿ ಮಿತ್ರರಾಷ್ಟ್ರವಾಗಿದ್ದುದರಿಂದ ಹಲವು ಪ್ರಕಾಶಕರು ಹಸ್ತಪ್ರತಿಯನ್ನು ತಿರಸ್ಕರಿಸಿದರೂ, ಪುಸ್ತಕವು 1945ರ ಆಗಸ್ಟಿನಲ್ಲಿ ಲೇಖಕನ ತಲೆಗೆ ಅಪಾಯವಿಲ್ಲದೆ ಹೊರಬಂದಿತು. ಜರ್ಮನಿಯ ನಾಟಕಕಾರ ಬ್ರೆಕ್ಟ್ ಮಹಾಶಯನು ಹಿಟ್ಲರನ ಉತ್ಥಾನವನ್ನು ಶಿಕಾಗೋ ನಗರದ ಹೂಕೋಸಿನ ವ್ಯಾಪಾರದ ಗೂಂಡಾಗಳ ಕಥೆಯನ್ನಾಗಿ ಮಾಡಿ ನಾಟಕವನ್ನು ಬರೆದುದು 1941ರಲ್ಲಿ, ಹಿಟ್ಲರನ ಕೈಗೆ ಸಿಕ್ಕದ ಫಿನ್ಲೆಂಡಿನಲ್ಲಿ. ಆ ನಾಟಕದ ಒಂದು ದೃಶ್ಯದಲ್ಲಿ, ಮಾತೂ ನಡಿಗೆಯೂ ಒರಟಾದ ನಾಯಕನು, ಕೆಲಸವಿಲ್ಲದೆ ಬಡತನಕ್ಕಿಳಿದ ಮುದಿ ನಟನೊಬ್ಬನನ್ನು ಕರೆಸಿಕೊಂಡು, ಹೇಗೆ ನಡೆಯಬೇಕು, ಹೇಗೆ ನಿಲ್ಲಬೇಕು, ಕೈಗಳನ್ನು ಎಲ್ಲಿಡಬೇಕು, ಕುರ್ಚಿಯಲ್ಲಿ ಹೇಗೆ ಕುಳಿತುಕೊಳ್ಳಬೇಕು ಎಂಬುದನ್ನೆಲ್ಲ ಒಂದೊಂದಾಗಿ ಕಲಿಯುತ್ತಾನೆ. ಚರಿತ್ರೆಯ ಪುಸ್ತಕದಲ್ಲಿ ಹಿಟ್ಲರನ ಹೆಸರನ್ನು ಕಂಡೊಡನೆ ನಮ್ಮ ಮನಸ್ಸು ಆ ಒಬ್ಬ ವ್ಯಕ್ತಿಯ ಅಸಾಧಾರಣತೆಯಲ್ಲಿ ನಟ್ಟುಬಿಡುತ್ತದೆ. ಪ್ರಳಯಕಾರಿಯಾದ ಮಹಾಪುರುಷನೆಂಬ ಭಯಮಿಶ್ರಿತವಾದ ವಿಸ್ಮಯವೂ ಹುಟ್ಟೀತು. ಅನ್ಯೋಕ್ತಿಯು ಆ ಮುಖವನ್ನು ಕಳಚಿ ಬದಿಗಿಡುತ್ತದೆ. ಮುಖ ಹೋದಮೇಲೆ ಕಾಣುವುದು ಅವನು ಬಂದು ನಿಂತ ತೆರಪು, ಮತ್ತು ಆ ತೆರಪನ್ನು ಮಾಡಿಕೊಟ್ಟ ಸುತ್ತಮುತ್ತಲಿನವರು.

ಆರ್ವೆಲ್ಲನ ಕಥೆಯಲ್ಲಿ ಈ ತೆರಪು ಎಲ್ಲಿ ಉಂಟಾಗುತ್ತದೆಯೆಂಬುದನ್ನು ನಿಧಾನವಾಗಿ ನೋಡಬೇಕು. ಬಹಳ ಮಂದಿಗೆ ನೆನಪಿರುವುದು ಒಂಬತ್ತು ನಾಯಿಗಳು ಕೊಟ್ಟಿಗೆಯೊಳಗೆ ನುಗ್ಗಿ ಸ್ನೋಬಾಲ್ ಎಂಬ ಹಂದಿಯನ್ನು ಅಟ್ಟಿಕೊಂಡು ಹೋಗುವ ಭಯಂಕರವಾದ ಪ್ರಸಂಗ. ಆದರೆ ಅದು ಫಲ. ಬೀಜ ಬಿದ್ದದ್ದು ಬಹಳ ಮುಂಚೆ. ಜೋನ್ಸ್ ಎಂಬ ಯಜಮಾನನನ್ನು ಓಡಿಸಿ, ಏಳು ಆಜ್ಞೆಗಳನ್ನು ಗೋಡೆಯ ಮೇಲೆ ಬರೆದು, ಪ್ರಾಣಿಗಳೆಲ್ಲ ಸಂಭ್ರಮದಲ್ಲಿರುವಾಗ ಹಸುಗಳು ಕೂಗಿಕೊಳ್ಳುತ್ತವೆ. ಒಂದು ದಿನವಿಡೀ ಕರೆಯದೆ ಅವುಗಳ ಕೆಚ್ಚಲು ಬಿರಿಯುವಂತಾಗಿದೆ. ಹಂದಿಗಳು ಹಾಲು ಕರೆಯುತ್ತವೆ. ನೊರೆನೊರೆಯಾದ ಐದು ಬಕೆಟ್ ಹಾಲು ಸಾಲಾಗಿ ನಿಲ್ಲುತ್ತದೆ. ಇಷ್ಟೊಂದು ಹಾಲನ್ನು ಏನು ಮಾಡುವುದೆಂದು ಯಾರೋ ಕೇಳುತ್ತಾರೆ. ಜೋನ್ಸನು ಕೆಲವು ವೇಳೆ ತಮ್ಮ ಕೂಳಿಗೆ ಸ್ವಲ್ಪ ಬೆರೆಸುತ್ತಿದ್ದನೆಂದು ಕೋಳಿಯೊಂದು ನೆನಪು ಮಾಡಿಕೊಡುತ್ತದೆ. ನೆಪೋಲಿಯನ್ ಎಂಬ ಹಂದಿ ಬಕೆಟ್ಟುಗಳ ಮುಂದೆ ಬಂದು ನಿಂತುಕೊಂಡು, ಹಾಲಿನ ಚಿಂತೆ ಬೇಡವೆಂದೂ ಹುಲ್ಲಿನ ಕೊಯ್ಲು ಅದಕ್ಕಿಂತ ಮುಖ್ಯವೆಂದೂ ತಾನು ಹಿಂದಿನಿಂದ ಬರುವೆನೆಂದೂ ಹೇಳುತ್ತದೆ. ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಸಂಜೆ ಹಿಂದಿರುಗಿ ಬಂದಾಗ ಹಾಲು ಇರುವುದಿಲ್ಲ.

ಅಷ್ಟೆ. ಯಾರನ್ನೂ ಯಾರೂ ಹೊಡೆಯಲಿಲ್ಲ, ಬೆದರಿಸಲೂ ಇಲ್ಲ. ನಾಯಿಗಳು ಇನ್ನೂ ಹುಟ್ಟಿಯೇ ಇರಲಿಲ್ಲ. ಆ ಸಂಜೆ ಒಂದು ಕೋಳಿಯಾಗಲಿ ಒಂದು ಕುರಿಯಾಗಲಿ ಹಾಲೆಲ್ಲಿ ಎಂದು ಕೇಳಿದ್ದರೆ, ಉತ್ತರವಾಗಿ ಕೊಡುವುದಕ್ಕೆ ನೆಪೋಲಿಯನ್ನಿನ ಬಳಿ ನಾಚಿಕೆಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. 1946ರ ಡಿಸೆಂಬರಿನಲ್ಲಿ ಅಮೆರಿಕದ ಲೇಖಕ ಡ್ವೈಟ್ ಮ್ಯಾಕ್‌ಡೊನಾಲ್ಡನಿಗೆ ಬರೆದ ಪತ್ರದಲ್ಲಿ ಆರ್ವೆಲ್ಲನೇ, ಕಥೆಯ ತಿರುವು ಹಂದಿಗಳು ಹಾಲನ್ನೂ ಸೇಬನ್ನೂ ತಮಗೆಂದು ಇಟ್ಟುಕೊಂಡ ಸ್ಥಳದಲ್ಲಿದೆಯೆಂದೂ, ಆಗಲೇ ಉಳಿದ ಪ್ರಾಣಿಗಳು ಗಟ್ಟಿಯಾಗಿ ನಿಂತಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂದೂ ತಿಳಿಸಿದನು. ಹಾಲನ್ನು ಕುರಿತು ಯಾರೂ ಕೇಳಲಿಲ್ಲವಾದುದರಿಂದ, ಮುಂದೆ ನೆಪೋಲಿಯನ್ ಒಂಬತ್ತು ನಾಯಿಮರಿಗಳನ್ನು ತಾಯಿಯರಿಂದ ಬೇರ್ಪಡಿಸಿ, ಏಣಿಯಿಲ್ಲದೆ ಹತ್ತಲಾಗದ ಅಟ್ಟದ ಮೇಲೆ ಇಟ್ಟಾಗಲೂ ಯಾರೂ ಕೇಳಲಿಲ್ಲ. ಕೆಲವೇ ದಿನಗಳಲ್ಲಿ ಅವು ಇದ್ದುವೆಂಬುದನ್ನೇ ಮರೆತರು. ಆ ಮರಿಗಳೇ ಹಿತ್ತಾಳೆಯ ಗುಬಟುಗಳ ಕೊರಳಪಟ್ಟಿ ಧರಿಸಿ ಕೊಟ್ಟಿಗೆಯೊಳಗೆ ನುಗ್ಗಿದ ನಾಯಿಗಳು.

ಈ ಹಾಲಿನ ಪ್ರಸಂಗಕ್ಕೆ ಸೇರಿದ ಇನ್ನೊಂದು ಸೂಕ್ಷ್ಮವನ್ನು ಓದುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಸೇಬುಗಳು ಹಂದಿಗಳಿಗೇ ಸಲ್ಲತಕ್ಕವೆಂಬ ವಿಷಯದಲ್ಲಿ ಹಂದಿಗಳಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ. ಉಳಿದ ಎಲ್ಲ ವಿಷಯಗಳಲ್ಲಿಯೂ ನೆಪೋಲಿಯನ್ನಿನೊಡನೆ ಜಗಳವಾಡುತ್ತಿದ್ದ ಸ್ನೋಬಾಲ್ ಕೂಡ ಇದನ್ನು ಒಪ್ಪಿಕೊಂಡಿತ್ತು. ತಾವು ಬುದ್ಧಿಯಿಂದ ಕೆಲಸ ಮಾಡುವವರು, ಹಾಲೂ ಸೇಬೂ ತಮಗೆ ಇಷ್ಟವಿಲ್ಲದಿದ್ದರೂ ಸರ್ವರ ಹಿತಕ್ಕಾಗಿ ಸೇವಿಸಬೇಕಾಗಿದೆ, ಇಲ್ಲವಾದರೆ ಜೋನ್ಸನು ಹಿಂದಿರುಗಿ ಬಂದಾನು ಎಂದು ಸ್ಕ್ವೀಲರ್ ಎಂಬ ಹಂದಿ ವಿವರಿಸಿದಾಗ, ಎದುರುಮಾತಿಗೆ ಅವಕಾಶವೇ ಉಳಿಯಲಿಲ್ಲ. ಆದುದರಿಂದ ಒಳ್ಳೆಯ ಸ್ನೋಬಾಲನ್ನು ಕೆಟ್ಟ ನೆಪೋಲಿಯನ್ ಓಡಿಸಿತೆಂದು ಕಥೆಯನ್ನು ಓದುವವರು ಅದನ್ನು ಅರ್ಧವೇ ಓದಿದಂತೆ. ವಿಶೇಷಾಧಿಕಾರದ ರುಚಿಯನ್ನು ಹಂಚಿಕೊಂಡವನು, ಆ ಅಧಿಕಾರವೇ ನಾಯಿಯ ರೂಪದಲ್ಲಿ ತನ್ನ ಮೇಲೆ ಬಿದ್ದಾಗ, ಯಾವ ಧರ್ಮದ ಹೆಸರನ್ನು ಹಿಡಿದು ಜನರ ಸಹಾಯವನ್ನು ಯಾಚಿಸಬಲ್ಲನು?

ಹೊಣೆಯ ಭಾರ ಎಲ್ಲಕ್ಕಿಂತ ಹೆಚ್ಚಾಗಿ ಬೀಳುವುದು ಬೆಂಜಮಿನ್ ಎಂಬ ಕತ್ತೆಯ ಮೇಲೆ. ಅದು ಹಂದಿಗಳಷ್ಟೇ ಚೆನ್ನಾಗಿ ಓದಬಲ್ಲುದು. ಓದುವುದಕ್ಕೆ ಯೋಗ್ಯವಾದುದು ಏನೂ ಇಲ್ಲವೆಂದು ಓದುವುದಿಲ್ಲ. ಗಾಳಿಯಂತ್ರ ಬಂದರೂ ಬಾರದಿದ್ದರೂ ಬಾಳು ಹೀಗೆಯೇ ಕೆಟ್ಟದಾಗಿ ಸಾಗುವುದೆಂಬುದು ಅದರ ದರ್ಶನ. ದುಡಿದು ಬಿದ್ದ ಬಾಕ್ಸರ್ ಕುದುರೆಯನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗುವ ದಿನ, ಉಳಿದವರು ಆಸ್ಪತ್ರೆಗೆ ಹೋಗುತ್ತಿದ್ದಾನೆಂದು ಬೀಳ್ಕೊಡುತ್ತಿರುವಾಗ, ಬೆಂಜಮಿನ್ ಮೊಟ್ಟಮೊದಲ ಸಲ ಗಟ್ಟಿಯಾಗಿ ಓದುತ್ತದೆ: ಗಾಡಿಯ ಮಗ್ಗುಲಲ್ಲಿ ಬರೆದಿರುವುದು ಕುದುರೆಗಳನ್ನು ಕೊಂದು ಅಂಟು ಕಾಯಿಸುವ ಕಟುಕನ ಹೆಸರು. ಕಣ್ಣಿತ್ತು, ವಿದ್ಯೆಯಿತ್ತು, ಮಿತ್ರನ ಮೇಲೆ ಮಾತಿಲ್ಲದ ಪ್ರೀತಿಯೂ ಇತ್ತು. ಆದರೆ ಗಾಡಿ ಹೊರಡುವ ಗಳಿಗೆಯಲ್ಲಿ ಓದಿದ ಅಕ್ಷರ ಯಾರನ್ನೂ ಉಳಿಸಲಿಲ್ಲ. ಗೋಡೆಯ ಮೇಲಿನ ಆಜ್ಞೆಗಳು ಒಂದೊಂದಾಗಿ ಬದಲಾಗುತ್ತ ಹೋದ ಆ ವರ್ಷಗಳಲ್ಲೆಲ್ಲ, ಅವನ್ನು ಓದಿ ಹೇಳಬಲ್ಲ ಪ್ರಾಣಿಯೊಂದು ಅಲ್ಲಿಯೇ ನಿಂತಿತ್ತೆಂಬ ಸಂಗತಿ ಪುಸ್ತಕದ ಅತ್ಯಂತ ದುಃಖಕರವಾದ ಸಂಗತಿಯೆಂದು ನನಗೆ ತೋರುತ್ತದೆ.

ಇಲ್ಲಿ ನಮ್ಮ ಸಂಸ್ಕಾರವು ಒಂದು ಆಕ್ಷೇಪವನ್ನೆತ್ತುವುದು ಸಹಜ. ಫಲಭರಿತವಾದ ಮರವು ಸಿಂಹಾಸನವನ್ನು ತುಚ್ಛವೆಂದು ಕಂಡಿತಷ್ಟೆ. ನಾವು ಪೂಜಿಸುವ ಮಹಾತ್ಮರಲ್ಲಿ ಎಷ್ಟು ಮಂದಿ ಸಿಂಹಾಸನಕ್ಕೆ ಬೆನ್ನುಮಾಡಿ ಕಾಡಿಗೆ ನಡೆದವರಿಲ್ಲ? ಸಾಂಸಾರಿಕವಾದ ಗದ್ದಲದಿಂದ ದೂರವಿರುವ ಉದಾಸೀನವೃತ್ತಿಯನ್ನು ಗೀತೆಯೇ ಭಕ್ತನ ಲಕ್ಷಣಗಳಲ್ಲಿ ಸೇರಿಸಿಲ್ಲವೆ? ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಯೋತಾಮನ ತಂದೆ ಗಿದ್ಯೋನನೂ ಅರಸುತನ ತಾನಾಗಿ ಬಂದಾಗ, ತಾನಾಗಲಿ ತನ್ನ ಮಗನಾಗಲಿ ಆಳುವುದಿಲ್ಲ, ದೇವರೇ ನಿಮ್ಮನ್ನು ಆಳುವನು ಎಂದು ನಿರಾಕರಿಸಿದನು. ಕೇಳುವುದಕ್ಕೆ ಭವ್ಯವಾದ ಮಾತು. ಆದರೆ ಮರುಕ್ಷಣದಲ್ಲಿಯೇ ಅವನು ಯುದ್ಧದಲ್ಲಿ ಗೆದ್ದು ಬಂದ ತನ್ನ ಜನರಿಂದ ಚಿನ್ನದ ಓಲೆಗಳನ್ನು ಕೇಳಿ ಪಡೆದು, 1,700 ಶೆಕೆಲ್ ತೂಕದ ಆ ಬಂಗಾರದಿಂದ ಪೂಜಾಪರಿಕರವೊಂದನ್ನು ಮಾಡಿಸಿ, ತನ್ನ ಊರಿನಲ್ಲಿಟ್ಟನು. ಜನ ಅದರ ಹಿಂದೆ ಬಿದ್ದು ಕೆಟ್ಟರೆಂದು ಗ್ರಂಥವೇ ಹೇಳುತ್ತದೆ. ಪದವಿಯನ್ನು ಬಿಟ್ಟೆನೆಂದು ಹೇಳಿ ಪದವಿಯ ಭೋಗವನ್ನು ಉಳಿಸಿಕೊಂಡದ್ದು ವೈರಾಗ್ಯವಾಗಲಾರದು. ಅಬೀಮೆಲೆಕನು ಬೆಳೆದುದು ಆ ಮನೆಯ ನೆರಳಿನಲ್ಲಿ.

ಸಿಂಹಾಸನವನ್ನು ಒಲ್ಲೆನೆನ್ನುವುದು ಒಂದು. ಸಿಂಹಾಸನದ ಮೇಲೆ ಯಾರು ಕುಳಿತರೂ ತನಗೇನೆನ್ನುವುದು ಇನ್ನೊಂದು. ಇವೆರಡರ ಅಂತರವನ್ನು ನಮ್ಮ ಪಂಚತಂತ್ರವು ಮೂರನೆಯ ತಂತ್ರದಲ್ಲಿ ಬಹು ಸ್ಪಷ್ಟವಾಗಿ ತೋರಿಸಿದೆ. ಗರುಡನು ವಿಷ್ಣುಸೇವೆಯಲ್ಲಿ ನಿರತನಾಗಿ ತಮ್ಮ ಯೋಗಕ್ಷೇಮವನ್ನು ವಿಚಾರಿಸುತ್ತಿಲ್ಲವೆಂದು ಹಕ್ಕಿಗಳೆಲ್ಲ ಸಭೆ ಸೇರಿ, ಗೂಬೆಗೆ ಪಟ್ಟ ಕಟ್ಟಲು ಅಣಿಯಾಗುತ್ತವೆ. ಅಭಿಷೇಕದ ಸಾಮಗ್ರಿಗಳೆಲ್ಲ ಸಿದ್ಧವಾಗಿರುವ ಹೊತ್ತಿಗೆ ಎಲ್ಲಿಂದಲೋ ಕಾಗೆ ಬರುತ್ತದೆ. ಅದಕ್ಕೆ ರಾಜ್ಯದ ಆಸೆಯಿಲ್ಲ, ತನಗೆ ಕೊಡಿರೆಂದು ಅದು ಕೇಳುವುದೂ ಇಲ್ಲ. ಕೋಪವಿಲ್ಲದಾಗಲೇ ಇಷ್ಟು ಘೋರವಾದ ಮುಖ, ಕೋಪ ಬಂದಾಗ ಹೇಗಿದ್ದೀತೆಂಬುದನ್ನು ಯೋಚಿಸಿರೆಂದು ಮಾತ್ರ ಹೇಳುತ್ತದೆ. ಹಕ್ಕಿಗಳು ಚದರಿಹೋಗುತ್ತವೆ, ಅಭಿಷೇಕ ನಿಲ್ಲುತ್ತದೆ. ಆ ಒಂದು ಮಾತಿಗಾಗಿ ಕಾಗೆಯ ಕುಲವೆಲ್ಲ ಗೂಬೆಗಳ ವೈರವನ್ನು ಹೊತ್ತುಕೊಂಡಿತು. ತುಂಬಿದ ಸಭೆಯಲ್ಲಿ ಏಕೆ ಆಡಿದೆನೋ ಎಂದು ಕಾಗೆ ಆಮೇಲೆ ತನ್ನಲ್ಲಿ ತಾನೇ ಪಶ್ಚಾತ್ತಾಪಪಟ್ಟಿತೆಂಬುದನ್ನೂ ಕಥೆಗಾರನು ಮುಚ್ಚಿಡುವುದಿಲ್ಲ. ಎಣ್ಣೇಮರದಿಂದ ನಾನು ಅಪೇಕ್ಷಿಸುವುದು ಇದಕ್ಕಿಂತ ಹೆಚ್ಚಿಲ್ಲ. ಅದು ಅರಸನಾಗಬೇಕಿರಲಿಲ್ಲ. ಮರಗಳು ಮುಳ್ಳಿನ ಕಡೆಗೆ ಹೊರಟಾಗ ಒಂದು ಮಾತನ್ನು ಆಡಬೇಕಿತ್ತು.

ಧರ್ಮಪೀಠಗಳ ಪಾಲನ್ನೂ ಇಲ್ಲಿ ಹೇಳದೆ ಬಿಡುವುದು ಅಪ್ರಾಮಾಣಿಕವಾದೀತು. ಆರ್ವೆಲ್ಲನ ಕಥೆಯಲ್ಲಿ ಮೋಸೆಸ್ ಎಂಬ ಸಾಕಿದ ಕಾಗೆಯೊಂದಿದೆ. ದುಡಿದು ಸತ್ತವರಿಗೆ ಮೋಡಗಳಾಚೆ ಸಕ್ಕರೆಯ ಬೆಟ್ಟವೊಂದು ಕಾದಿದೆಯೆಂದು ಅದು ಹೇಳುತ್ತಿರುತ್ತದೆ. ಕ್ರಾಂತಿಯ ದಿನ ಯಜಮಾನಿತಿಯ ಹಿಂದೆ ಹಾರಿಹೋದ ಆ ಕಾಗೆ ವರ್ಷಗಳ ಮೇಲೆ ಹಿಂದಿರುಗಿ ಬರುತ್ತದೆ. ಹಂದಿಗಳು ಅದರ ಮಾತು ಸುಳ್ಳೆಂದು ಸಾರುತ್ತಲೇ, ದಿನಕ್ಕಿಷ್ಟು ಬಿಯರನ್ನು ಗೊತ್ತುಮಾಡಿ, ದುಡಿಮೆಯಿಲ್ಲದೆ ಇರಲು ಬಿಡುತ್ತವೆ. ನಂಬಿಕೆಯಿಲ್ಲದ ಪ್ರಭುವಿಗೂ ನಂಬಿಕೆಯ ಉಪಯೋಗ ತಿಳಿದಿರುತ್ತದೆ. ಜರ್ಮನಿಯಲ್ಲಿ 1933ರ ಮಾರ್ಚ್ 23ರಂದು ಹಿಟ್ಲರನಿಗೆ ಶಾಸನಾಧಿಕಾರವನ್ನೆಲ್ಲ ಒಪ್ಪಿಸಿದ ಮಸೂದೆಗೆ 444 ಮತಗಳು ಬಿದ್ದವು. ವಿರುದ್ಧವಾಗಿ ನಿಂತ 94 ಮತಗಳೂ ಸೋಷಿಯಲ್ ಡೆಮೊಕ್ರಾಟರವು. ಕ್ಯಾಥೊಲಿಕರ ಸೆಂಟರ್ ಪಕ್ಷ, ಅದರ ಮುಖಂಡನು ಸ್ವತಃ ಪಾದ್ರಿಯಾಗಿದ್ದರೂ, ಪರವಾಗಿ ಮತ ಹಾಕಿತು. ತಮ್ಮ ಶಾಲೆಗಳೂ ಸಂಸ್ಥೆಗಳೂ ಉಳಿದಾವೆಂಬ ಭರವಸೆಯೇ ಅವರಿಗೆ ಸಾಕಾಯಿತು. ಅವರು ದುಷ್ಟರಾಗಿದ್ದರೆಂದು ನಾನು ಹೇಳುತ್ತಿಲ್ಲ. ತಮ್ಮ ಎಣ್ಣೆಯನ್ನು ಕಾಪಾಡಿಕೊಳ್ಳುವ ಚಿಂತೆಯಲ್ಲಿದ್ದರು.

ಇಷ್ಟಾದರೂ ಮರಗಳ ಮತ್ತು ಮೃಗಗಳ ಕಥೆಗಳಲ್ಲಿ ನನ್ನ ಮನಸ್ಸಿಗೆ ಒಗ್ಗದ ಒಂದು ಕೊರತೆಯಿದೆ. ಮುಳ್ಳು ಹುಟ್ಟಿನಿಂದ ಮುಳ್ಳು, ಗೂಬೆ ಹುಟ್ಟಿನಿಂದ ಗೂಬೆ. ದುಷ್ಟತನವು ಜಾತಿಲಕ್ಷಣವಾದರೆ ಪಾಪಕ್ಕೆ ಅರ್ಥವೆಲ್ಲಿ ಉಳಿಯಿತು? ನಿರಂಕುಶನು ನಮ್ಮಿಂದ ಬೇರೆಯಾದ ಯಾವುದೋ ಯೋನಿಯಲ್ಲಿ ಹುಟ್ಟಿದವನೆಂಬ ಸಮಾಧಾನವನ್ನು ಇಂಥ ಕಥೆಗಳು ಅರಿಯದೆಯೇ ನಮಗೆ ಕೊಟ್ಟುಬಿಡುತ್ತವೆ. ಈ ಕೊರತೆಯನ್ನು ತುಂಬುವ ಕಥೆಗಾಗಿ ನಾವು ಮಹಾಭಾರತಕ್ಕೆ ಹೋಗಬೇಕು. ಉದ್ಯೋಗಪರ್ವದಲ್ಲಿ ಬರುವ ನಹುಷನ ಕಥೆ ಅದು. ವೃತ್ರನನ್ನು ಕೊಂದ ಪಾಪದಿಂದ ಭೀತನಾದ ಇಂದ್ರನು ನೀರಿನಲ್ಲಿ ಅಡಗಿಕೊಂಡಾಗ ಸ್ವರ್ಗ ಅರಾಜಕವಾಯಿತು. ದೇವತೆಗಳೂ ಋಷಿಗಳೂ ಭೂಲೋಕದ ಧರ್ಮಿಷ್ಠನಾದ ರಾಜ ನಹುಷನ ಬಳಿಗೆ ಬಂದರು. ತನಗೆ ಅಷ್ಟು ಬಲವಿಲ್ಲವೆಂದು ಅವನು ಹಿಂದೆಗೆದನು. ಆಗ ಅವರು ತಮ್ಮ ತಪಸ್ಸನ್ನೇ ಅವನಿಗೆ ಧಾರೆಯೆರೆದು, ಅವನ ದೃಷ್ಟಿಗೆ ಬಿದ್ದವರ ತೇಜಸ್ಸೆಲ್ಲ ಅವನಿಗೆ ಸೇರುವಂತೆ ವರವನ್ನು ಕೊಟ್ಟರು. ಎದುರು ನಿಂತು ಬೇಡವೆಂದು ಹೇಳಬಲ್ಲವನು ಯಾರೂ ಉಳಿಯದಂತೆ ಅವರೇ ಏರ್ಪಾಡು ಮಾಡಿದ ಹಾಗಾಯಿತು. ಧರ್ಮಾತ್ಮನಾಗಿದ್ದವನು ಕಾಮಾತ್ಮನಾದನು, ಇಂದ್ರನ ಪತ್ನಿ ಶಚಿಯನ್ನು ಬಯಸಿದನು, ಅವಳು ಹೂಡಿದ ಉಪಾಯದಂತೆ, ಯಾರೂ ಏರದ ವಾಹನವೇರಿ ಬರುವ ಹುಮ್ಮಸ್ಸಿನಲ್ಲಿ, ಪಲ್ಲಕ್ಕಿಯನ್ನು ಋಷಿಗಳಿಂದಲೇ ಹೊರಿಸಿದನು. ತಪಸ್ಸನ್ನು ಕೊಟ್ಟವರ ಹೆಗಲ ಮೇಲೆಯೇ ಪಲ್ಲಕ್ಕಿ ಬಂದು ಕುಳಿತಿತು. ಅಗಸ್ತ್ಯರ ತಲೆಗೆ ಕಾಲು ತಾಗಿಸಿದಾಗ ಶಾಪ ಬಂದು, ಹಾವಾಗಿ ಭೂಮಿಗೆ ಬಿದ್ದನು.

ಅವನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ವನಪರ್ವದಲ್ಲಿ ಹಿಮಾಲಯದ ಅಡವಿಯೊಂದರಲ್ಲಿ ಹೆಬ್ಬಾವೊಂದು ಭೀಮನನ್ನು ಸುತ್ತಿಕೊಳ್ಳುತ್ತದೆ. ಅಷ್ಟು ಬಲಶಾಲಿ ಮಿಸುಕಲಾರದೆ ಹೋಗುತ್ತಾನೆ. ತಮ್ಮನನ್ನು ಹುಡುಕಿಕೊಂಡು ಬಂದ ಧರ್ಮರಾಯನು ಬಿಲ್ಲಿಗೆ ಕೈ ಹಾಕದೆ, ನೀನು ಯಾರೆಂದು ಕೇಳುತ್ತಾನೆ. ಹಾವು ಪ್ರಶ್ನೆಗಳನ್ನು ಒಡ್ಡುತ್ತದೆ: ಬ್ರಾಹ್ಮಣನೆಂದರೆ ಯಾರು, ತಿಳಿಯತಕ್ಕದ್ದು ಯಾವುದು. ಸತ್ಯ, ದಾನ, ಕ್ಷಮೆ, ಶೀಲ, ಅಹಿಂಸೆ, ಕರುಣೆ ಇವು ಯಾರಲ್ಲಿ ಕಾಣುವುವೋ ಅವನೇ ಬ್ರಾಹ್ಮಣನು, ಹುಟ್ಟು ಅದನ್ನು ನಿರ್ಣಯಿಸಲಾರದು ಎಂಬ ಅರ್ಥದ ಉತ್ತರವನ್ನು ಯುಧಿಷ್ಠಿರನು ಕೊಡುತ್ತಾನೆ. ಆಮೇಲೆ ಹಾವು ತನ್ನ ವೃತ್ತಾಂತವನ್ನು ತಾನೇ ಹೇಳಿಕೊಳ್ಳುತ್ತದೆ: ದಿವ್ಯವಿಮಾನದಲ್ಲಿ ಸಂಚರಿಸುತ್ತ ಅಭಿಮಾನದಿಂದ ಮತ್ತನಾಗಿದ್ದುದನ್ನು, ಬೇರೊಬ್ಬನ ಎಣಿಕೆಯೇ ತನಗಿಲ್ಲದಿದ್ದುದನ್ನು, ಮೂರು ಲೋಕದವರೂ ತನಗೆ ಕಪ್ಪ ಕೊಡುತ್ತಿದ್ದುದನ್ನು, ಸಾವಿರ ಬ್ರಹ್ಮರ್ಷಿಗಳು ತನ್ನ ಪಲ್ಲಕ್ಕಿಯನ್ನು ಹೊತ್ತುದನ್ನು, ಐಶ್ವರ್ಯವು ಶೂರನನ್ನೂ ಪ್ರಾಜ್ಞನನ್ನೂ ಮೋಹಗೊಳಿಸುವ ಬಗೆಯನ್ನು. ಅಬೀಮೆಲೆಕನು ಸಾಯುವ ಗಳಿಗೆಯಲ್ಲಿಯೂ, ಹೆಂಗಸೊಬ್ಬಳು ಎಸೆದ ಬೀಸುವ ಕಲ್ಲಿನಿಂದ ತಲೆಯೊಡೆದವನಾಗಿ, ಹೆಂಗಸಿನಿಂದ ಸತ್ತೆನೆಂಬ ಅಪಕೀರ್ತಿ ಬರಬಾರದೆಂದು ತನ್ನ ಆಳಿನ ಕತ್ತಿಯಿಂದ ತಿವಿಸಿಕೊಂಡನೇ ಹೊರತು ತಾನು ಮಾಡಿದುದನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ನೆಪೋಲಿಯನ್ ಹಂದಿಯು ಕಥೆಯ ಕೊನೆಯ ಪುಟದಲ್ಲಿಯೂ ಇಸ್ಪೀಟು ಆಡುತ್ತಲೇ ಇದೆ. ನಾನು ಓದಿದ ಅನ್ಯೋಕ್ತಿಗಳಲ್ಲಿ ನಹುಷನೊಬ್ಬನೇ ತಾನು ಹೇಗೆ ಏರಿದೆನೆಂಬುದನ್ನೂ ಹೇಗೆ ಕುರುಡನಾದೆನೆಂಬುದನ್ನೂ ಬಾಯಿಬಿಟ್ಟು ಹೇಳಿದವನು. ಹೇಳಿ ಮುಗಿಸಿದಮೇಲೆ ಅವನು ಭೀಮನನ್ನು ಬಿಟ್ಟುಕೊಟ್ಟನು, ಹಾವಿನ ಮೈಯನ್ನೂ ಬಿಟ್ಟನು.